ಮೂಲಾ ನಕ್ಷತ್ರದ ದಿನ ಪೂಜೆಗಿಟ್ಟ ಪ್ರಿಂಟರ್

ನನ್ನ ಓರಗಿತ್ತಿ ಮದುವೆಯಾಗಿ ಬಂದ ಮೊದಲ ವಾರವೇ ನನಗೆ ಅವಳನ್ನು ಕಂಡರೆ ಆಗದಾಯಿತು. ಕಾರಣ ಹೇಳಿದರೆ ನೀವು ನಗುತ್ತೀರಿ. ಅವಳು ನನ್ನ ಕಂಪ್ಯೂಟರಿನ ಎದುರು ಕುಳಿತು, ಕೀಬೋರ್ಡ್ ನೋಡದೆ ಟೈಪ್ ಮಾಡಿದಳು.

ಆ ಕಂಪ್ಯೂಟರ್ ನನ್ನದು. ನಮ್ಮ ಕುಮಟೆಯ ಕೇರಿಯಲ್ಲಿ ಕಂಪ್ಯೂಟರ್ ಅಂದರೆ ಸಿನಿಮಾದಲ್ಲಿ ನೋಡುವ ವಸ್ತು ಆಗಿದ್ದಾಗ, ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಟೈಪಿಂಗ್ ಕ್ಲಾಸಿಗೆ ಹೋಗಿ, ಪೇಟೆಯ ಪ್ರೆಸ್ಸಿನಲ್ಲಿ ಎರಡು ವರ್ಷ ಅಕ್ಷರ ಜೋಡಿಸಿ, ಗಂಡನ ಬೆನ್ನು ಹತ್ತಿ ಮನೆಗೆ ತರಿಸಿಕೊಂಡದ್ದು. ಜಗಲಿಯ ಮೂಲೆಯಲ್ಲಿ ಒಂದು ಮೇಜು, ಒಂದು ಕುರ್ಚಿ. ಮದುವೆ ಕಾಗದ, ಉಪನಯನದ ಕಾಗದ, ವೈಕುಂಠ ಸಮಾರಾಧನೆಯ ಕಾಗದ, ಯಕ್ಷಗಾನ ಆಟದ ಕರಪತ್ರ ಎಲ್ಲವೂ ಆ ಮೇಜಿನ ಮೇಲೆ ಹುಟ್ಟಬೇಕು. ನಾನು ಅಕ್ಷರ ಕೂಡಿಸಿ, ಬಟರ್ ಪೇಪರಿನ ಮೇಲೆ ಅಚ್ಚುಕಟ್ಟಾಗಿ ತೆಗೆದುಕೊಟ್ಟರೆ ಪ್ರೆಸ್ಸಿನವರು ಅದರಿಂದ ಸಾವಿರ ಪ್ರತಿ ಹೊಡೆಯುತ್ತಿದ್ದರು. ಬಾಡದಿಂದ, ಹೊನ್ನಾವರದಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ನಮ್ಮ ಅತ್ತೆ, ಅಂದರೆ ಗಂಡನ ತಾಯಿ, ನನ್ನ ಅಡುಗೆಯನ್ನು ಒಂದು ದಿನವೂ ಹೊಗಳಿದವರಲ್ಲ. ಆದರೆ ಬಂದವರಿಗೆ ನೀರು ಬೆಲ್ಲ ಕೊಡುತ್ತ, "ನಮ್ಮನೆ ಸೊಸೆ ಕಂಪ್ಯೂಟರ್ ಮಾಡ್ತದೆ" ಎಂದು ಹೇಳದೆ ಬಿಡುತ್ತಿರಲಿಲ್ಲ. ಆ ಒಂದು ಮಾತಿನ ಮೇಲೆ ನಾನು ಏಳೆಂಟು ವರ್ಷ ಬದುಕಿದೆ ಎಂದರೆ ಸುಳ್ಳಲ್ಲ.

ಈ ಪ್ರಿಂಟರ್ ಬಂದದ್ದು ಮೊದಲಿದ್ದ ಸಣ್ಣದು ಕೆಟ್ಟ ಮೇಲೆ. ಯಾವುದೋ ಕಚೇರಿ ಮುಚ್ಚುವಾಗ ಹಳೆಯ ಸಾಮಾನು ಮಾರಿದರು. ನನ್ನ ಗಂಡ ಅದನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ಇಳಿಸುವುದಕ್ಕೆ ಇಬ್ಬರು ಬೇಕಾಯಿತು. ಹಳದಿ ತಿರುಗಿದ ದೊಡ್ಡ ಲೇಸರ್ ಪ್ರಿಂಟರ್. ಹಚ್ಚಿದ ಕೂಡಲೇ ಗುಂಯ್ ಎಂದು ಒಂದು ನಿಮಿಷ ಕೂಗಿ, ಆಮೇಲೆ ಎಂಥ ಚೆಂದದ ಅಕ್ಷರ ಬಿಡುತ್ತಿತ್ತು ಅಂತೀರಿ! ಕಚೇರಿಯಲ್ಲಿ ಹತ್ತು ಮಂದಿ ಒಂದೇ ಪ್ರಿಂಟರ್ ಬಳಸಲಿ ಎಂದು ಮಾಡಿದ್ದು. ಅದಕ್ಕೆ ನೆಟ್‌ವರ್ಕ್ ತಂತಿಯೇ ಬೇಕು. ಮಾರಿದವರ ಕಡೆಯವನೊಬ್ಬ ಬಂದು, ಕಂಪ್ಯೂಟರಿನ ಹಿಂದಿನ ಕಿಂಡಿಗೂ ಪ್ರಿಂಟರಿಗೂ ನೇರ ಒಂದು ತಂತಿ ಹಾಕಿ, ಕಂಪ್ಯೂಟರಿಗೆ ಹತ್ತರಿಂದ ಶುರುವಾಗುವ, ನಡುನಡುವೆ ಚುಕ್ಕಿ ಇಟ್ಟು ನಾಲ್ಕು ಭಾಗ ಮಾಡಿದ ಒಂದು ಉದ್ದದ ನಂಬರ್ ಕೊಟ್ಟು ಹೋದ. ಪ್ರಿಂಟರಿಗೂ ಅಂಥದೇ ಒಂದು ನಂಬರ್ ಮೊದಲೇ ಇತ್ತು. ಎಂತಕ್ಕೆ ಎಂದು ನಾನು ಕೇಳಲಿಲ್ಲ. ಕೆಲಸ ಆಗುತ್ತಿತ್ತು, ಸಾಕು.

ತೊಂದರೆ ಬಂದದ್ದು ಬ್ರಾಡ್‌ಬ್ಯಾಂಡ್ ಬಂದಾಗ. ಫೋನಿನವರು ಮೋಡೆಮ್ ತಂದಿಟ್ಟು, ಕಂಪ್ಯೂಟರಿನ ಹಿಂದೆ ಇದ್ದದ್ದು ಒಂದೇ ಕಿಂಡಿಯಾದ್ದರಿಂದ, ಪ್ರಿಂಟರಿನ ತಂತಿ ಕಿತ್ತು ಅದಕ್ಕೆ ಮೋಡೆಮ್ಮಿನ ತಂತಿ ಚುಚ್ಚಿ, ನಂಬರನ್ನೂ ಅಳಿಸಿ ನಡೆದರು. ಇಂಟರ್ನೆಟ್ ಬಂತು, ಪ್ರಿಂಟರ್ ಸತ್ತಿತು. ಕೇಳಿದರೆ, "ಅದು ನಮ್ಮ ಕೆಲ್ಸ ಅಲ್ಲ ಅಕ್ಕೋರೆ."

ನಾನೂ ಹಟದವಳು. ಹಳೆಯ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಪ್ರಿಂಟ್ ಬೇಕಾದಾಗ ಮೇಜಿನ ಕೆಳಗೆ ನುಗ್ಗಿ ಮೋಡೆಮ್ಮಿನ ತಂತಿ ತೆಗೆಯುವುದು, ಪ್ರಿಂಟರಿನದು ಹಾಕುವುದು, ನಂಬರ್ ಹೊಡೆಯುವುದು. ಇಂಟರ್ನೆಟ್ ಬೇಕಾದಾಗ ಮತ್ತೆ ಎಲ್ಲ ತಿರುಗಾಮುರುಗಾ. ಹೀಗೆ ಕಿತ್ತು ಹಾಕಿ ಹಾಕಿ ತಂತಿಯ ತುದಿಯ ಪ್ಲಾಸ್ಟಿಕ್ ಕೊಂಡಿ ಮುರಿದು, ಕಾಗದ ಮಡಚಿ ಬೆಣೆ ಹೊಡೆದಿದ್ದೆ. ಸೀರೆ ಎತ್ತಿ ಕಟ್ಟಿ ಮೇಜಿನ ಕೆಳಗೆ ಕುಳಿತವಳನ್ನು ನೋಡಿ ಬಂದವರು ಗಾಬರಿಯಾಗುತ್ತಿದ್ದರು. ಆದರೂ ಆ ಗುಟ್ಟು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು ಎಂಬ ಜಂಬ ಇತ್ತು ನೋಡಿ, ಅದು ಎಲ್ಲ ಕಷ್ಟವನ್ನೂ ಮರೆಸುತ್ತಿತ್ತು.

ಇಂಥ ಹೊತ್ತಿನಲ್ಲಿ ಮೈದುನನ ಮದುವೆಯಾಯಿತು, ಅವಳು ಬಂದಳು. ಮಂಕಿಯ ಒಬ್ಬ ಟೈಲರ್ ಮಗಳು. ಕಾಲೇಜಿನಲ್ಲಿ ಕಂಪ್ಯೂಟರನ್ನೇ ಓದಿದವಳು. ತೆಳ್ಳಗೆ, ಮಾತು ಕಡಿಮೆ. ಮೈದುನನಿಗೆ ಭಟ್ಕಳದಲ್ಲಿ ಒಂದು ಗೋದಾಮಿನ ಕೆಲಸ. ಅವನೊಬ್ಬನ ಸಂಬಳದಲ್ಲಿ ಅಲ್ಲಿ ಮನೆ ಹಿಡಿಯುವ ಹಾಗಿರಲಿಲ್ಲ. ಹಾಗಾಗಿ ಇನ್ನೊಬ್ಬನ ಜೊತೆ ಒಂದು ಕೋಣೆಯಲ್ಲಿದ್ದು, ಶನಿವಾರ ಸಂಜೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಿದ್ದ. ಮದುವೆಯಾದ ಮೇಲೂ ಹಾಗೆಯೇ ನಡೆಯಿತು. ಹೆಂಡತಿ ಕುಮಟೆಯಲ್ಲಿ, ಗಂಡ ಭಟ್ಕಳದಲ್ಲಿ. ಭಟ್ಕಳದಲ್ಲಿ ಹೊಸದಾಗಿ ಕಂಪ್ಯೂಟರ್ ಕಲಿಸುವ ಕೇಂದ್ರವೊಂದು ಶುರುವಾಗುತ್ತದೆ, ಕಲಿಸುವವರು ಬೇಕಂತೆ ಎಂದು ಗೊತ್ತಾದಾಗ ಅವಳು ಅರ್ಜಿ ಹಾಕಿದಳು. ಕೆಲಸ ಸಿಕ್ಕಿದರೆ ಇಬ್ಬರೂ ಅಲ್ಲೇ ಮನೆ ಮಾಡುವುದು ಎಂದು ಮಾತಾಯಿತು. ಕರೆ ಬಂದರೆ ಇಮೇಲಿನಲ್ಲೇ ಬರುವುದು. ಅದಕ್ಕಾಗಿ ದಿನಾ ಸಂಜೆ ದೀಪ ಹಚ್ಚಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದಳು. "ಅಕ್ಕ, ಐದು ನಿಮಿಷ ಮೇಲ್ ನೋಡ್ಲಾ?"

ಐದೇ ನಿಮಿಷ. ಆದರೆ ಆ ಐದು ನಿಮಿಷದಲ್ಲಿ ಅವಳು ನಾನು ಅರ್ಧ ಮಾಡಿಟ್ಟ ಮದುವೆ ಕಾಗದವನ್ನೂ ನೋಡುತ್ತಿದ್ದಳು. "ಇಲ್ಲಿ ಎರಡು ಸಾಲು ಹತ್ತಿರ ಮಾಡಿದ್ರೆ ಗಣಪತಿ ಚಿತ್ರ ದೊಡ್ಡ ಕೂತ್ಕೊತದೆ ಅಲ್ದಾ ಅಕ್ಕ?" ಎನ್ನುತ್ತ ಎರಡು ಬಾರಿ ಮೌಸ್ ಒತ್ತುವಳು, ಕಾಗದ ಕಳೆ ತುಂಬಿಕೊಂಡು ನಿಲ್ಲುವುದು. ನನಗೆ ಅರ್ಧ ಗಂಟೆಯ ಕೆಲಸ ಅದು! ಮೈಯೆಲ್ಲ ಉರಿಯುತ್ತಿತ್ತು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ, ನೋಡೋಣ ಎಷ್ಟು ದಿನ ಎಂದುಕೊಳ್ಳುತ್ತಿದ್ದೆ. ಬಾಡದ ಒಬ್ಬರು ಒಂದು ದಿನ ಬಾಗಿಲಲ್ಲೇ ನಿಂತು ಒಳಗೆ ಇಣುಕಿ, "ಆ ಸಣ್ಣೋರು ಇಲ್ವಾ? ಅವ್ರು ಇದ್ರೆ ಬೇಗ ಆತಿತ್ತು" ಎಂದರು. ನಾನು ಕುರ್ಚಿಯ ಮೇಲೆಯೇ ಕುಳಿತಿದ್ದೆ. ನನ್ನ ಮುಖ ಅವರಿಗೆ ಕಾಣಲಿಲ್ಲವೇ?

ಅವಳಿಗೆ ಕೆಲಸ ಸಿಕ್ಕಿ ಹೋಗಲಿ, ಪೀಡೆ ತೊಲಗಲಿ ಎಂದು ಬಯಸಬೇಕಿತ್ತು ಅಲ್ಲವೇ? ಬುದ್ಧಿ ಇದ್ದವರು ಹಾಗೆಯೇ ಬಯಸುತ್ತಾರೆ. ಹೊಟ್ಟೆಕಿಚ್ಚಿಗೆ ಬುದ್ಧಿ ಇರುವುದಿಲ್ಲ. ಅವಳು ಇಲ್ಲಿದ್ದರೆ ನನ್ನ ಮೇಜು ಹೋಗುತ್ತದೆ ಎಂದು ಉರಿ. ಭಟ್ಕಳಕ್ಕೆ ಹೋದರೆ ಅವಳು ಸಂಬಳ ತರುವ ಮೇಡಂ ಆಗುತ್ತಾಳೆ, ನಾನು ಜಗಲಿಯಲ್ಲಿ ಮದುವೆ ಕಾಗದ ಕುಟ್ಟುವವಳಾಗಿಯೇ ಉಳಿಯುತ್ತೇನೆ ಎಂದು ಇನ್ನೊಂದು ಉರಿ.

ಒಂದು ಸಂಜೆ ನಾನು ಮೇಜಿನ ಕೆಳಗೆ ತಂತಿ ಬದಲಿಸುತ್ತಿದ್ದಾಗ ಅವಳು ಬಗ್ಗಿ ನೋಡಿದಳು. "ಅಕ್ಕ, ಪ್ರತಿ ಸಲ ಕೀಳುದು ಎಂತಕ್ಕೆ? ಐದು ಕಿಂಡಿದು ಒಂದು ಸಣ್ಣ ಡಬ್ಬ ಸಿಕ್ತದೆ, ಸ್ವಿಚ್ ಅಂತ. ಮೋಡೆಮ್, ಕಂಪ್ಯೂಟರ್, ಪ್ರಿಂಟರ್ ಮೂರೂ ಅದ್ಕೇ ಹಾಕ್ಬಿಟ್ರೆ ಆತು. ಪ್ರಿಂಟರಿಗೆ ಒಂದು ಹೊಸ ನಂಬರ್ ಕೊಟ್ರೆ ಎರಡೂ ಒಟ್ಟಿಗೇ ನಡೀತದೆ."

ನಾನು ಮೇಜಿನ ಕೆಳಗಿನಿಂದಲೇ "ಹೂಂ, ಗೊತ್ತು" ಎಂದೆ. ಗೊತ್ತಿರಲಿಲ್ಲ. ಮರುದಿನವೇ ಗಂಡನ ಹತ್ತಿರ, ಅದು ನನ್ನದೇ ಆಲೋಚನೆ ಎನ್ನುವ ಹಾಗೆ ಹೇಳಿ, ಹೊನ್ನಾವರದ ಅಂಗಡಿಯಿಂದ ಆ ಡಬ್ಬ ತರಿಸಿದೆ. ಅವಳು ಅತ್ತೆಯ ಜೊತೆ ದೇವಸ್ಥಾನಕ್ಕೆ ಹೋದ ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ಕುಳಿತೆ. ಮೂರೂ ತಂತಿ ಡಬ್ಬಕ್ಕೆ ಹಾಕಿದೆ. ಹಸಿರು ದೀಪಗಳು ಮಿಣಮಿಣ ಅಂದವು. ಇನ್ನು ಪ್ರಿಂಟರಿಗೆ ಹೊಸ ನಂಬರ್. ಯಾವ ನಂಬರ್? ಮೋಡೆಮ್ಮಿನ ಬೆನ್ನ ಮೇಲೆ ಒಂದು ನಂಬರ್ ಅಂಟಿಸಿದ್ದರು. ನನ್ನ ತಲೆ ಓಡಿದ್ದು ಹೀಗೆ: ಒಂದು ಮನೆಗೆ ಒಂದೇ ಮನೆ ನಂಬರ್. ಪಂಚಾಯ್ತಿಯವರು ಬಾಗಿಲಿಗೆ ಬರೆದುಹೋದದ್ದು ಅತ್ತೆಗೂ ಅದೇ, ನನಗೂ ಅದೇ, ಕೊಟ್ಟಿಗೆಯ ಎಮ್ಮೆಗೂ ಅದೇ. ಹಾಗಾದರೆ ಇವೂ ಒಂದೇ ಮನೆಯವು ತಾನೆ? ಪ್ರಿಂಟರಿನ ಗುಂಡಿ ಒತ್ತಿ ಒತ್ತಿ, ಕಣ್ಣು ಕಿರಿದು ಮಾಡಿಕೊಂಡು, ಮೋಡೆಮ್ಮಿನ ನಂಬರನ್ನೇ ಒಂದು ಅಂಕಿ ತಪ್ಪದೆ ಪ್ರಿಂಟರಿಗೂ ಹೊಡೆದೆ.

ಪ್ರಿಂಟ್ ಬರಲಿಲ್ಲ. ಇದ್ದ ಇಂಟರ್ನೆಟ್ಟೂ ಹೋಯಿತು.

ದೇವಸ್ಥಾನದಿಂದ ಬಂದವಳು ನೋಡಿದಳು. "ಯಾವ ನಂಬರ್ ಹಾಕಿದ್ರಿ ಅಕ್ಕ?" ಹೇಳಿದೆ. ಅವಳಿಗೆ ನಗು ಬಂತು. ಬೇಕೆಂದು ನಕ್ಕದ್ದಲ್ಲ, ತಡೆಯಲಾಗದೆ ಸೆರಗು ಬಾಯಿಗೆ ಇಟ್ಟುಕೊಂಡಳು. "ಮೊದಲಿನ ಮೂರು ಭಾಗ ಒಂದೇ ಇರ್ಬೇಕು, ಕೊನೇದು ಬೇರೆ ಆಗ್ಬೇಕು ಅಕ್ಕ. ಇಬ್ರಿಗೂ ಒಂದೇ ಕೊಟ್ರೆ ಕರೆದಾಗ ಓಗೊಡುದು ಯಾರು?" ಎಂದಳು. ಅತ್ತೆ ಕಾಲು ತೊಳೆಯುತ್ತಿದ್ದವರು ಕೇಳಿಸಿಕೊಂಡು, "ಎಂತದೇ ಅದು?" ಎಂದರು. ಅವಳು ಹೇಳಿದಳು. ಅತ್ತೆಗೆ ಎಷ್ಟು ಅರ್ಥವಾಯಿತೋ ದೇವರೇ ಬಲ್ಲ, ಆದರೆ ಅವರೂ ನಕ್ಕರು. "ಅದ್ಕೇ ಓದಿದವ್ರು ಬೇಕು ಹೇಳುದು" ಎಂದುಬಿಟ್ಟರು!

ಏಳೆಂಟು ವರ್ಷ ಹೊಗಳಿದ ಬಾಯಿ ಅದು. ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವಳು ಪ್ರಿಂಟರಿನ ತಂತಿ ಬಿಡಿಸಿ ಇಂಟರ್ನೆಟ್ ಸರಿಮಾಡಿ, "ನಾಳೆ ಸಂಜೆ ಹತ್ತು ನಿಮಿಷ ಕೊಡಿ ಅಕ್ಕ, ಪ್ರಿಂಟರನ್ನೂ ಮಾಡಿಕೊಡ್ತೆ" ಎಂದಳು. ಹತ್ತು ನಿಮಿಷವಂತೆ!

ಮರುದಿನ ನವರಾತ್ರಿಯ ಮೂಲಾ ನಕ್ಷತ್ರ. ಅಂದು ನಮ್ಮಲ್ಲಿ ಪುಸ್ತಕಗಳನ್ನು ಮಣೆಯ ಮೇಲೆ ಒಟ್ಟಿ ಸರಸ್ವತಿಯನ್ನು ಕೂಡ್ರಿಸುತ್ತಾರೆ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ತನಕ ಮುಟ್ಟುವ ಹಾಗಿಲ್ಲ, ಓದು ಬರಹ ಇಲ್ಲ. ಕತ್ತಿ, ಹಾರೆ, ಸೈಕಲ್ಲು, ಮಿಷನ್ನುಗಳ ಪೂಜೆ ಬೇರೆ, ಅದು ನವಮಿಯ ದಿನ. ಪ್ರತಿ ವರ್ಷ ಕಂಪ್ಯೂಟರಿಗೂ ನಾನು ನವಮಿಯಂದೇ ಕುಂಕುಮ ಹಚ್ಚುತ್ತಿದ್ದೆ. ಆ ಮಧ್ಯಾಹ್ನ ಅತ್ತೆ ಪುಸ್ತಕ ಒಟ್ಟುವಾಗ ನನ್ನ ಬಾಯಿಂದ ಬಂತು: "ಅತ್ತೆ, ಕಂಪ್ಯೂಟರ್ ಸಹ ವಿದ್ಯೆಯೇ ಅಲ್ದಾ? ಈ ಸಲ ಸರಸ್ವತಿ ಸಂಗ್ತಿಗೇ ಇಡ್ವಾ."

ಅತ್ತೆಗೆ ಅದು ಬಹಳ ಸರಿ ಕಂಡಿತು. "ಹೌದೇ, ಒಳ್ಳೇ ಬುದ್ಧಿ ನಿಂದು" ಎಂದರು. ಕಂಪ್ಯೂಟರ್, ಪ್ರಿಂಟರ್, ಮೋಡೆಮ್, ಆ ಹೊಸ ಡಬ್ಬ ಎಲ್ಲದರ ಮೇಲೆ ಜರಿಯಂಚಿನ ಮಡಿಬಟ್ಟೆ ಹೊದಿಸಿದೆ. ಗಂಧ, ಕುಂಕುಮ, ಅಕ್ಷತೆ, ಸೇವಂತಿಗೆ. ಕೈ ಮುಗಿದೆ ಕೂಡ. ಮೂರು ದಿನ ಅವಳು ಮುಟ್ಟುವ ಹಾಗಿಲ್ಲ. ಆ ಮೂರು ದಿನದಲ್ಲಿ ಹೇಗಾದರೂ ಪೇಟೆಯಲ್ಲಿ ಕೇಳಿ ತಿಳಿದು, ದಶಮಿಯಂದು ನಾನೇ ಸರಿಮಾಡಿ ತೋರಿಸಬೇಕು. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಒಂದು ಮದುವೆ ಕಾಗದ ಕೊಡುವುದಿತ್ತು. ಆ ಕಾಗದದವರಿಗೂ ದಶಮಿಗೆ ಬನ್ನಿ ಎಂದು ಹೇಳಿ ಕಳಿಸಿದೆ.

ಸಂಜೆ ಅವಳು ಬಂದಳು. ಹೊದಿಸಿದ ಬಟ್ಟೆ ನೋಡಿ ನಿಂತಳು. "ಅಕ್ಕ, ಮೇಲ್ ಒಂದು ನೋಡುದಿತ್ತು."

"ಸರಸ್ವತಿನ ಎಬ್ಸಿ ಮೇಲ್ ನೋಡ್ತ್ಯ?" ಎಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಬಟ್ಟೆಗೆ ಕೈ ಮುಗಿದು ಒಳಗೆ ಹೋದಳು.

ಮರುದಿನ ಅಷ್ಟಮಿ. ತಿಂಡಿ ಆದ ಮೇಲೆ ಮತ್ತೆ ಬಂದಳು. "ಅಕ್ಕ, ಅರ್ಧ ತಾಸು ಪೇಟೆಗೆ ಹೋಗಿ ಬರ್ಲಾ? ಸೈಬರಿನಲ್ಲಿ ನೋಡ್ಕೊಂಡು ಬತ್ತೆ."

"ನಾಳೆ ನೆಂಟರು ಬರ್ತಾರೆ. ಕೊಟ್ಟೆ ಕಟ್ಟುದು ಯಾರು, ನಾನೊಬ್ಳೇ?" ಎಂದೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಹಿಟ್ಟು ಹೊಯ್ದು ಬೇಯಿಸುವ ಕಡಬು ಅತ್ತೆಗೆ ನವಮಿಯ ದಿನ ಆಗಲೇಬೇಕು. ಐವತ್ತು ಕೊಟ್ಟೆ ಬೇಕಿತ್ತು. ಎರಡು ತಾಸಿನ ಕೆಲಸ. ನಾನು ಮೊದಲು ಅವಳ ಕೈಯಲ್ಲಿ ಒಲೆಗೂಡು ಸಾರಿಸಿ, ದೇವರ ಪಾತ್ರೆ ತಿಕ್ಕಿಸಿ, ಊಟ ಮಾಡಿಸಿ, ಆಮೇಲೆ ಎಲೆ ಮುಂದಿಟ್ಟೆ. ಮನೆಯ ಹಿಂದೆ ಮಾಡು ಇಳಿಸಿ ಕಟ್ಟಿದ ಕಡುಮಾಡಿನಲ್ಲಿ ಎದುರು ಬದುರು ಕುಳಿತೆವು. ಅವಳ ಬೆರಳು ಅದರಲ್ಲೂ ಚುರುಕು. ನಾಲ್ಕು ಎಲೆ ಜೋಡಿಸಿ ಕಡ್ಡಿ ಚುಚ್ಚಿದರೆ ನೀರು ಸಹ ಸೋರದು. ನನ್ನ ಹತ್ತು ಕಟ್ಟಿ ಆಗುವಾಗ ಅವಳ ಹದಿನೈದು ಆಗಿತ್ತು. ಅದನ್ನೂ ನಾನು ಎಣಿಸಿದೆ. ಗೋಡೆಯ ಗಡಿಯಾರ ಮೂರು ಹೊಡೆದದ್ದು ನೆನಪಿದೆ, ಯಾಕೆಂದರೆ ಅತ್ತೆ ಚಾ ಕೇಳಿದರು.

ನವಮಿಯ ದಿನ ಅವಳು ಕೇಳಲಿಲ್ಲ. ಕೇಳಿದ್ದರೂ ಪ್ರಯೋಜನವಿರಲಿಲ್ಲ. ಪೇಟೆಯ ಎಲ್ಲ ಕಂಪ್ಯೂಟರುಗಳ ಹಣೆಗೂ ಅಂದು ಕುಂಕುಮ ಬಿದ್ದು, ಬಾಗಿಲು ಎಳೆದಿದ್ದರು. ನನಗೂ ಆ ನಂಬರಿನ ವಿಷಯ ಹೇಳಿಕೊಡುವವರು ಯಾರೂ ಸಿಗಲಿಲ್ಲ.

ವಿಜಯದಶಮಿ ಬೆಳಿಗ್ಗೆ ಪೂಜೆ ಮುಗಿಸಿ ಬಟ್ಟೆ ತೆಗೆದೆವು. ಕಾಗದದವರು ಹತ್ತು ಗಂಟೆಗೇ ಬಂದು ಜಗಲಿಯಲ್ಲಿ ಕುಳಿತಿದ್ದರು. ನನಗೆ ಬೇರೆ ದಾರಿ ಇರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, "ಈ ಹಾಳು ಡಬ್ಬವೇ ಸರಿ ಇಲ್ಲ" ಎಂದೆ. ಅವಳು ಮೇಲ್ ತೆರೆಯಬಹುದಿತ್ತು, ನಾಲ್ಕು ದಿನದಿಂದ ಕಾದವಳು. ಜಗಲಿಯಲ್ಲಿ ಕುಳಿತವರನ್ನು ನೋಡಿ, "ಮೊದ್ಲು ನಿಮ್ಮದು ಆಗ್ಲಿ ಅಕ್ಕ" ಎಂದಳು. ಪ್ರಿಂಟರಿನ ಗುಂಡಿ ಒತ್ತಿ, ಮೋಡೆಮ್ಮಿನ ನಂಬರಿನ ಮೊದಲ ಮೂರು ಭಾಗ ಹಾಗೇ ಇಟ್ಟು, ಕೊನೆಗೆ ಐವತ್ತು ಹೊಡೆದಳು. ಕಂಪ್ಯೂಟರಿನಲ್ಲಿ ಪ್ರಿಂಟರ್ ಎಲ್ಲಿದೆ ಎನ್ನುವಲ್ಲಿ ಅದೇ ನಂಬರ್ ಕೊಟ್ಟಳು. ಹತ್ತು ನಿಮಿಷವೂ ಆಗಲಿಲ್ಲ. ಪ್ರಿಂಟರ್ ಗುಂಯ್ ಎಂದಿತು. ಕಾಗದ ಬಂತು. ಕಾಗದದವರು "ಭೇಷ್" ಎಂದು ತೆಗೆದುಕೊಂಡು ಹೋದರು. ಭೇಷ್ ಎಂದದ್ದು ಅವಳಿಗೆ.

ಆಮೇಲೆ ಅವಳು ಮೇಲ್ ತೆರೆದಳು. ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಭಟ್ಕಳದ ಕೇಂದ್ರದಿಂದ ಬಂದಿತ್ತು. ಅಷ್ಟಮಿಯ ದಿನ ಮಧ್ಯಾಹ್ನ ಮೂರು ಗಂಟೆಗೆ ಸಂದರ್ಶನಕ್ಕೆ ಬರಬೇಕು, ಜೊತೆಗಿಟ್ಟ ಫಾರ್ಮನ್ನು ಪ್ರಿಂಟ್ ಮಾಡಿ ತುಂಬಿಸಿ ತರಬೇಕು. ತಪ್ಪಿದರೆ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತೇವೆ. ಮೇಲ್ ಬಂದದ್ದು ಅದರ ಹಿಂದಿನ ದಿನ ಬೆಳಿಗ್ಗೆ. ನಾನು ಅಕ್ಷತೆ ಹಾಕುವಾಗ ಅದು ಬಂದು ಕುಳಿತಾಗಿತ್ತು. ಆ ಸಂಜೆ ಐದು ನಿಮಿಷ ಕೊಟ್ಟಿದ್ದರೆ ಸಾಕಿತ್ತು. ಅವಳು ಅಲ್ಲಿಗೆ ಹೋಗಬೇಕಾದ ಹೊತ್ತಿಗೆ ನನ್ನ ಎದುರು ಕುಳಿತು ಎಲೆಗೆ ಕಡ್ಡಿ ಚುಚ್ಚುತ್ತಿದ್ದಳು.

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಪ್ರಿಂಟ್ ಒತ್ತಿದಳು. ಯಾಕೆ ಒತ್ತಿದಳೋ, ಗಂಡನಿಗೆ ತೋರಿಸಲಿಕ್ಕೋ ಏನೋ. ಹಾಳೆ ಬಿಸಿಬಿಸಿ ಹೊರಗೆ ಬಂತು. ಒಂದು ಅಕ್ಷರವೂ ಮಸುಕಾಗಿರಲಿಲ್ಲ.

"ಫೋನ್ ಮಾಡಿ ಕೇಳೇ, ಹಬ್ಬ ಇತ್ತು ಹೇಳು" ಎಂದೆ. ಮಾಡಿದಳು. ಇನ್ನೊಬ್ಬರನ್ನು ತೆಗೆದುಕೊಂಡಾಗಿದೆ ಎಂದರು.

ನಾನು ಏನಾದರೂ ಹೇಳಬೇಕಿತ್ತು. ಬಾಯಿ ತೆರೆದರೆ ಬಂದದ್ದು, "ದೇವ್ರ ಕೆಲ್ಸ ನೋಡು, ನಮ್ಮ ಕೈಲಿ ಎಂತ ಅದೆ" ಎಂಬ ಮಾತು. ಥೂ ನನ್ನ ಬಾಯಿಗೆ.

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು. "ನಮ್ಮಪ್ಪ ಹೊಲಿಗೆ ಮಿಷಿನ್ ಇಡುದು ನವಮಿ ದಿನ ಅಕ್ಕ. ಕಂಪ್ಯೂಟರೂ ಅಷ್ಟೇ, ಹೋದ ವರ್ಷ ಇಲ್ಲೂ ನವಮಿಗೇ ಇಟ್ಟಿದ್ರಿ ಅಂತ ಅತ್ತೆ ಹೇಳಿದ್ರು" ಎಂದಳು. ದನಿ ಏರಿಸಲಿಲ್ಲ. "ನಂಗೆ ಅವತ್ತೇ ಗೊತ್ತಾತು. ದೊಡ್ಡವ್ರು ನೀವು, ಹೇಳಿದ್ರಲ್ಲ ಅಂತ ಸುಮ್ನಾದೆ." ಇಷ್ಟು ಹೇಳಿ ಕುರ್ಚಿಯಿಂದ ಎದ್ದು, ಅದನ್ನು ಮೇಜಿನ ಒಳಕ್ಕೆ ಸರಿಸಿ, ಅನ್ನಕ್ಕಿಡಲು ಹೋದಳು.

ಅತ್ತೆಗೆ ಅವಳು ಹೇಳಲಿಲ್ಲ. ಮೈದುನನಿಗೂ ಹೇಳಲಿಲ್ಲ, ಹೇಳಿದ್ದರೆ ಅವನು ನನ್ನ ಮುಖ ನೋಡುತ್ತಿರಲಿಲ್ಲ. ಅವಳು ಒಮ್ಮೆ ಕೂಗಾಡಿದ್ದರೆ, ಎರಡು ಬೈದಿದ್ದರೆ ನಾನೂ ಎರಡು ಬೈದು ಸಮ ಮಾಡಿಕೊಳ್ಳುತ್ತಿದ್ದೆ. ಹಾಗೆ ಸುಮ್ಮನಿರಲು ಬರುವ ಆ ಗುಣವಿದೆಯಲ್ಲ, ಅದರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಮೈದುನ ಇನ್ನೂ ಎರಡು ವರ್ಷ ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ನಸುಕಿನಲ್ಲಿ ಅವನ ಚೀಲ ಹಿಡಿದುಕೊಂಡು ಅವಳು ಬೇಲಿಯ ದಣಪೆಯ ತನಕ ಹೋಗುವುದು ನನಗೆ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು.

ಮೇಜು ನನ್ನದೇ ಆಯಿತು, ಪೂರ್ತಿ ನನ್ನದು. ಆ ದಿನದ ಮೇಲೆ ಅವಳು ಅದರ ಹತ್ತಿರ ತಾನಾಗಿ ಬರಲಿಲ್ಲ. ಮೇಲ್ ನೋಡಲಿಕ್ಕೂ ಬರಲಿಲ್ಲ. ಕರೆಂಟು ಹೋಗಿ ಬಂದಾಗ ಆ ಪ್ರಿಂಟರ್ ಒಮ್ಮೊಮ್ಮೆ ಮುನಿಸಿಕೊಂಡು ನಿಲ್ಲುತ್ತಿತ್ತು. ಎಷ್ಟು ಒತ್ತಿದರೂ ನನ್ನ ಮಾತು ಕೇಳುತ್ತಿರಲಿಲ್ಲ. ಆಗ ನಾನೇ ಒಳಗೆ ಹೋಗಿ, "ತಂಗಿ, ಒಂಚೂರು ಬಾರೇ" ಎಂದು ಕರೆಯಬೇಕು. ಕರೆದ ಕೂಡಲೇ ಬರುತ್ತಿದ್ದಳು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ನಿಂತಲ್ಲೇ ಬಗ್ಗಿ, ಎರಡು ನಿಮಿಷದಲ್ಲಿ ಸರಿಮಾಡಿಬಿಡುತ್ತಿದ್ದಳು. ಕುರ್ಚಿ ಎಳೆದು "ಕೂತ್ಕೊಳೇ" ಎಂದರೆ, "ಇರ್ಲಿ ಅಕ್ಕ, ನಿಮ್ದು ಅದು" ಎನ್ನುತ್ತಿದ್ದಳು.